ವ್ಯಕ್ತಿತ್ವ ಪರೀಕ್ಷೆ: ನಮ್ಮನ್ನು ಯಾರ ಪಕ್ಕ ನಿಲ್ಲಿಸಿ ಅಳೆಯುತ್ತಾರೆ?

(ಕಾಸರಗೋಡಿನ ಕುಂಬಳೆ ಹತ್ತಿರದ ಒಂದು ವಾಚನಾಲಯದಲ್ಲಿ ಪ್ಲಸ್ ಟು ಮಕ್ಕಳು, ಅವರ ತಂದೆ ತಾಯಿ ಮತ್ತು ಅಧ್ಯಾಪಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ನಡುನಡುವೆ ತುಳು, ಮಲಯಾಳದಲ್ಲಿ ಆಡಿದ ಮಾತನ್ನು ಕನ್ನಡಕ್ಕೆ ತಂದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ನಮಸ್ಕಾರ.

ನನ್ನನ್ನು ಕರೆಯಲು ಬಂದ ಮಾಷ್ಟ್ರು ಮೊದಲು ಕೊಟ್ಟ ವಿಷಯ ವ್ಯಕ್ತಿತ್ವ ವಿಕಸನ. ಅದು ನನ್ನಿಂದ ಆಗದು ಮಾಷ್ಟ್ರೇ ಎಂದೆ. ವ್ಯಕ್ತಿತ್ವ ಬೆಳೆಸುವ ವಿದ್ಯೆ ನನ್ನ ಹತ್ತಿರ ಇಲ್ಲ. ಅದನ್ನು ಅಳೆಯುತ್ತೇವೆ ಎನ್ನುವ ಪರೀಕ್ಷೆಗಳನ್ನು ಕೊಡುವುದು, ಅಂಕ ಲೆಕ್ಕ ಹಾಕುವುದು, ವರದಿ ಬರೆಯುವುದು, ಅದನ್ನೇ ಪಾಠ ಮಾಡುವುದು, ಇಷ್ಟು ನನ್ನ ಕಸುಬು. ಹಾಗಾದರೆ ಅದನ್ನೇ ಹೇಳಿ ಎಂದರು.

ಹೇಳಬೇಕಾದ ಕಾಲವೂ ಹೌದು. ಈಗ ಯಾವ ಮನೆಯಲ್ಲಿ ನೋಡಿದರೂ ಒಂದಲ್ಲ ಒಂದು ಪರೀಕ್ಷೆ. ದೊಡ್ಡ ಮಗಳಿಗೆ ಬೆಂಗಳೂರಿನ ಕಂಪನಿಯವರು ಇಂಟರ್‌ವ್ಯೂಗೆ ಮುಂಚೆ ಆನ್‌ಲೈನಿನಲ್ಲಿ ನೂರಾರು ಪ್ರಶ್ನೆ ಕಳಿಸುತ್ತಾರೆ. ಮಗನಿಗೆ ಸೈನ್ಯಕ್ಕೆ ಸೇರುವ ಆಸೆ, ಅಧಿಕಾರಿಗಳನ್ನು ಆರಿಸುವ ಎಸ್ಎಸ್‌ಬಿಯಲ್ಲಿ ಚಿತ್ರ ನೋಡಿ ಕಥೆ ಬರೆಯಬೇಕು. ಆರನೇ ಕ್ಲಾಸಿನ ಮಗುವಿನ ಹತ್ತು ಬೆರಳಿನ ಅಚ್ಚು ತೆಗೆದು ಇವನು ಎಂಜಿನಿಯರ್ ಆಗುತ್ತಾನೆ ಎಂದು ಬಣ್ಣಬಣ್ಣದ ಪುಸ್ತಕ ಕೊಡುವವರೂ ಇದ್ದಾರೆ. ವಾಟ್ಸಾಪಿನಲ್ಲಿ ಬರುವುದನ್ನು ಬಿಡಿ, ಅದಕ್ಕೆ ಲೆಕ್ಕವೇ ಇಲ್ಲ. ಎಲ್ಲಕ್ಕೂ ಹೆಸರು ಒಂದೇ, ಪರ್ಸನಾಲಿಟಿ ಟೆಸ್ಟ್. ಆದರೆ ಅಪ್ಪಟ ಯಾವುದು, ಬೆರಕೆ ಯಾವುದು, ಅಪ್ಪಟವಾದದ್ದೂ ನಮ್ಮ ಊರಿನಲ್ಲಿ ಎಷ್ಟು ನಡೆಯುತ್ತದೆ ಎಂದು ಕೇಳುವವರು ಕಡಿಮೆ.

ಪರೀಕ್ಷೆ ಎಂದರೆ ಮನಸ್ಸಿನ ಒಳಗೆ ಇಣುಕಿ ನೋಡುವ ಯಂತ್ರ ಅಂತ ತುಂಬ ಜನ ತಿಳಿದಿದ್ದಾರೆ. ಅಲ್ಲ. ಅದು ಮಾಡುವುದು ಒಂದೇ ಕೆಲಸ, ಹೋಲಿಸುವುದು. ನೀವು ಕೊಟ್ಟ ಉತ್ತರವನ್ನು ಬೇರೆ ಒಂದಷ್ಟು ಜನ ಕೊಟ್ಟ ಉತ್ತರದ ಪಕ್ಕ ಇಟ್ಟು ನೋಡುತ್ತದೆ. ಆ "ಬೇರೆ ಜನ" ಯಾರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇವತ್ತು ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತವೇ ಸುತ್ತುತ್ತದೆ.

ಪ್ರಶ್ನೆ ಕೇಳಿ ಹೌದು, ಇಲ್ಲ ಬರೆಸಿಕೊಳ್ಳುವ ಬಗೆಯ ವ್ಯಕ್ತಿತ್ವ ಪರೀಕ್ಷೆ ಹುಟ್ಟಿದ್ದು ಯುದ್ಧದಲ್ಲಿ. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಗುಂಡಿನ ಸದ್ದು, ಕಂದಕದ ಬದುಕು ತಡೆಯಲಾರದೆ ಸೈನಿಕರ ಮನಸ್ಸು ಕುಸಿಯುವುದನ್ನು ಯುರೋಪ್ ಆಗಲೇ ಕಂಡಿತ್ತು. ಅಂಥವರನ್ನು ಮೊದಲೇ ಗುರುತಿಸಬಹುದಾ ಎಂದು ರಾಬರ್ಟ್ ವುಡ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞ 116 ಪ್ರಶ್ನೆಗಳ ಪಟ್ಟಿ ಮಾಡಿದರು. ಪಟ್ಟಿ ಸಿದ್ಧವಾಗುವ ಹೊತ್ತಿಗೆ ಯುದ್ಧವೇ ಮುಗಿಯುತ್ತಾ ಬಂದಿತ್ತು. ಅದರ ದೋಷ ಇಲ್ಲಿ ಕೂತ ಪ್ಲಸ್ ಟು ಮಕ್ಕಳಿಗೂ ಗೊತ್ತಾಗುತ್ತದೆ. ನಿನಗೆ ಹೆದರಿಕೆ ಆಗುತ್ತದಾ ಎಂದು ನೇರ ಕೇಳಿದರೆ, ಯುದ್ಧಕ್ಕೆ ಹೋಗಲು ಮನಸ್ಸಿಲ್ಲದವನು ಹೌದು ಎನ್ನುತ್ತಾನೆ. ಕೆಲಸ ಬೇಕಾದವನು ಇಲ್ಲ ಎನ್ನುತ್ತಾನೆ.

ಈ ತೊಡಕಿಗೆ ಒಂದು ವಿಚಿತ್ರ ಉತ್ತರ ಹುಡುಕಿದ್ದು ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ಇಬ್ಬರು. ಸ್ಟಾರ್ಕ್ ಹ್ಯಾಥವೇ ಮನಶ್ಶಾಸ್ತ್ರಜ್ಞ, ಜೆ.ಸಿ. ಮೆಕಿನ್ಲಿ ವೈದ್ಯ. ಅವರ ಪರೀಕ್ಷೆ 1943ರಲ್ಲಿ ಹೊರಬಂತು. ಅದರ ಹೆಸರು ಎಂಎಂಪಿಐ. ಆಸ್ಪತ್ರೆಗಳಲ್ಲಿ ಇವತ್ತಿಗೂ ಅದರ ಹೊಸ ರೂಪಗಳು ಬಳಕೆಯಲ್ಲಿವೆ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಉಳಿದವುಗಳ ಒಳಗುಟ್ಟೂ ಇದರಲ್ಲೇ ಇದೆ.

ಅವರು ಮಾಡಿದ್ದು ಇಷ್ಟು. ನೂರಾರು ಸಣ್ಣ ಸಣ್ಣ ವಾಕ್ಯ ಕೂಡಿಹಾಕಿದರು. ನಿದ್ದೆ, ಹೊಟ್ಟೆನೋವು, ದೇವರು, ತಂದೆ ತಾಯಿ, ಸಿಟ್ಟು, ಯಾವುದನ್ನೂ ಬಿಡಲಿಲ್ಲ. ಅದನ್ನು ಮಾನಸಿಕ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದವರಿಗೆ ಕೊಟ್ಟರು. ಅದೇ ವಾಕ್ಯಗಳನ್ನು ಆ ಆಸ್ಪತ್ರೆಗೆ ರೋಗಿಗಳನ್ನು ನೋಡಲು ಬಂದ ನೆಂಟರಿಷ್ಟರಿಗೂ ಕೊಟ್ಟರು. ಎರಡು ಗುಂಪಿನ ಉತ್ತರ ಎಲ್ಲಿ ಬೇರೆ ಬೇರೆ ಆಯಿತೋ ಆ ವಾಕ್ಯ ಇಟ್ಟುಕೊಂಡರು. ಎಲ್ಲಿ ಒಂದೇ ಆಯಿತೋ ಅದನ್ನು ಕೈಬಿಟ್ಟರು. ಖಿನ್ನತೆ ಇರುವವರು ಈ ವಾಕ್ಯಕ್ಕೆ ಯಾಕೆ ಹೀಗೆ ಉತ್ತರಿಸುತ್ತಾರೆ ಎಂಬ ಗೋಜಿಗೆ ಹೋಗಲಿಲ್ಲ. ಉತ್ತರಿಸುತ್ತಾರೆ, ಅಷ್ಟು ಸಾಕು. ಹೀಗೆ ಮಾಡಿದ್ದರಿಂದ ಒಂದು ಲಾಭ ಆಯಿತು. ಯಾವ ವಾಕ್ಯ ಯಾವುದನ್ನು ಅಳೆಯುತ್ತಿದೆ ಎಂದು ಬರೆಯುವವನಿಗೆ ಸುಲಭಕ್ಕೆ ಗೊತ್ತಾಗುವುದಿಲ್ಲ. ಮೋಸ ಮಾಡುವುದು ಕಷ್ಟ.

ಮೋಸ ಹಿಡಿಯಲು ಬೇರೆ ಉಪಾಯವನ್ನೂ ಇಟ್ಟರು. ನಾನು ಕೆಲವೊಮ್ಮೆ ಸುಳ್ಳು ಹೇಳುತ್ತೇನೆ, ಒಮ್ಮೊಮ್ಮೆ ನನಗೆ ಸಿಟ್ಟು ಬರುತ್ತದೆ, ಇಂಥ ವಾಕ್ಯಗಳನ್ನು ಅಲ್ಲಲ್ಲಿ ಸೇರಿಸಿದರು. ಒಂದೆರಡಕ್ಕೆ ಇಲ್ಲ ಎಂದರೆ ತೊಂದರೆ ಇಲ್ಲ. ಎಲ್ಲಕ್ಕೂ ಇಲ್ಲ ಎಂದರೆ, ಒಂದೋ ಅವನು ಸಂತ, ಇಲ್ಲವೇ ಚಂದ ಕಾಣಿಸಿಕೊಳ್ಳಲು ಹೊರಟವನು. ಸಂತರು ಪರೀಕ್ಷೆ ಬರೆಯಲು ಬರುವುದು ಅಪರೂಪ. ಹಾಗೆಯೇ ಇಲ್ಲದ ಕಾಯಿಲೆಯನ್ನು ಇದೆ ಎಂದು ತೋರಿಸುವವರನ್ನು ಹಿಡಿಯುವ ಲೆಕ್ಕವೂ ಅದರಲ್ಲಿದೆ.

ಈಗ ನಾನು ಮೊದಲು ಹೇಳಿದ ಮಾತಿಗೆ ಬನ್ನಿ. ಆ ನೆಂಟರಿಷ್ಟರು ಯಾರು? ಹೆಚ್ಚಿನವರು ಮಿನ್ನೆಸೋಟಾದ ಹಳ್ಳಿ, ಸಣ್ಣ ಪೇಟೆಗಳ ಬಿಳಿಯರು. ಸುಮಾರು 35 ವರ್ಷ, ಮದುವೆಯಾದವರು, ಎಂಟನೇ ಕ್ಲಾಸಿನವರೆಗೆ ಓದಿದವರು. ಹತ್ತಾರು ವರ್ಷ ಅಮೆರಿಕದಲ್ಲಿ ಯಾರು ಈ ಪರೀಕ್ಷೆ ಬರೆದರೂ ಅವರನ್ನು ಅಳೆದದ್ದು ಈ ಜನರ ಪಕ್ಕ ನಿಲ್ಲಿಸಿ. ನ್ಯೂಯಾರ್ಕಿನ ಕರಿಯ ಕಾರ್ಮಿಕನನ್ನೂ, ಕಾಲೇಜು ಹುಡುಗಿಯನ್ನೂ. ಇದು ಸರಿಯಲ್ಲ ಎಂದು ಕೊನೆಗೆ ಅವರಿಗೇ ಅನ್ನಿಸಿ, 1989ರ ಹೊಸ ರೂಪಕ್ಕೆ ಬೇರೆ ಬೇರೆ ರಾಜ್ಯಗಳಿಂದ 2,600 ಜನರನ್ನು ಹೊಸದಾಗಿ ಆರಿಸಿಕೊಂಡರು. ಅವರ ದೇಶದೊಳಗೇ ಹೀಗಾದರೆ ನಮ್ಮ ಗತಿ ಏನು?

ಆ ಪರೀಕ್ಷೆಯಲ್ಲಿ ಒಂದು ವಾಕ್ಯವಿದೆ. ಕೆಲವೊಮ್ಮೆ ದುಷ್ಟ ಶಕ್ತಿಗಳು ನನ್ನನ್ನು ಆವರಿಸುತ್ತವೆ ಎನ್ನುವ ಅರ್ಥದ್ದು. ಮಿನ್ನೆಸೋಟಾದ ರೈತನಲ್ಲಿ ಇದಕ್ಕೆ ಹೌದು ಎಂಬ ಉತ್ತರ ಬಂದರೆ ವೈದ್ಯರು ಕಿವಿ ನಿಮಿರಿಸಬೇಕಾದ್ದೇ. ಇದನ್ನು ನಮ್ಮ ಜಿಲ್ಲೆಗೆ ತನ್ನಿ. ಚಂದ್ರಗಿರಿ ಹೊಳೆಯ ಆಚೆ ತೆಯ್ಯಂ, ಈಚೆ ಭೂತಕೋಲ. ವರ್ಷಕ್ಕೆ ಇಷ್ಟು ರಾತ್ರಿ ಅಣಿ ಕಟ್ಟಿ, ಮುಖಕ್ಕೆ ಬಣ್ಣ ಹಚ್ಚಿ, ಗಗ್ಗರ ಕಟ್ಟಿಕೊಂಡು ನಿಲ್ಲುವುದೇ ಕುಲದ ಕೆಲಸವಾದ ಮನುಷ್ಯನಿಗೆ ಈ ವಾಕ್ಯ ಓದಿ ಹೇಳಿ. ಅವನು ಏನು ಹೇಳಬೇಕು? "ದುಷ್ಟ ಶಕ್ತಿ ಅಲ್ಲ, ದೈವ. ಮೈಮೇಲೆ ಬರುವುದು ಹೌದು. ಬರದಿದ್ದರೆ ಊರಿನವರು ಸುಮ್ನೆ ಬಿಡುತ್ತಾರಾ?" ಎಂದಾನು. ಇದಕ್ಕೆ ಹೌದು ಎಂದು ಗುರುತು ಹಾಕುವುದೋ ಇಲ್ಲ ಎಂದು ಹಾಕುವುದೋ? ಕೋಲ ಮುಗಿಸಿ ಮರುದಿನ ಅವನು ರೇಷನ್ ಅಂಗಡಿಯ ಸಾಲಿನಲ್ಲಿ ನಿಲ್ಲುತ್ತಾನೆ, ಮಗಳ ಫೀಸು ಕಟ್ಟುತ್ತಾನೆ. ಅವನ ತಲೆ ಸರಿ ಇದೆ. ನಮ್ಮ ಉತ್ತರ ಪತ್ರಿಕೆಯಲ್ಲಿ ಅವನಿಗೆ ಜಾಗ ಇಲ್ಲ, ಅಷ್ಟೆ. ಇನ್ನೊಂದು ಮಾತನ್ನೂ ಹೇಳಲೇಬೇಕು. ಮೈಮೇಲೆ ಬರುತ್ತದೆ ಎನ್ನುವ ಎಲ್ಲರಿಗೂ ಕಾಯಿಲೆ ಇಲ್ಲ ಎಂತಲೂ ಅಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ, ಊಟ ನಿದ್ದೆ ತಪ್ಪಿದರೆ, ಮನೆಯವರಿಗೇ ಹೆದರಿಕೆ ಆದರೆ ವೈದ್ಯರಿಗೆ ತೋರಿಸಬೇಕು. ಈ ವ್ಯತ್ಯಾಸ ತಿಳಿಯುವುದು ಕೂತು ಮಾತಾಡಿಸುವ ಮನುಷ್ಯನಿಗೆ. ಕಾಗದಕ್ಕೆ ತಿಳಿಯುವುದಿಲ್ಲ.

ಇಷ್ಟು ದೂರದ ಉದಾಹರಣೆ ಬೇಡ ಎಂದರೆ ಮದುವೆ ಮನೆಗೆ ಹೋಗೋಣ. ಜನರ ಜೊತೆ ಬೆರೆಯುವ ಸ್ವಭಾವವಾ, ಒಂಟಿಯಾಗಿ ಇರುವ ಸ್ವಭಾವವಾ ಎಂದು ತಿಳಿಯಲು ಪ್ರಶ್ನಾವಳಿಗಳು ಸಾಮಾನ್ಯವಾಗಿ ಕೇಳುವುದು ಹೀಗೆ: ತುಂಬ ಜನ ಸೇರುವ ಕಡೆ ಹೋಗುತ್ತೀರಾ, ಅಲ್ಲಿ ಓಡಾಡಿಕೊಂಡು ಇರುತ್ತೀರಾ? ನನ್ನ ನೆಂಟರ ಪೈಕಿ ಒಬ್ಬ ಹುಡುಗ ಇದ್ದಾನೆ. ಮಾತು ಅಂದರೆ ಬೆವರುತ್ತಾನೆ. ಆದರೆ ನೀರ್ಚಾಲು, ಪೆರಡಾಲ, ಮುಳ್ಳೇರಿಯ ಎಲ್ಲಿ ಜೆಂಬರ ಇದ್ದರೂ ಅವನು ಬೇಕು. ಪಂಚೆ ಎತ್ತಿ ಕಟ್ಟಿ, ಹೆಗಲಿಗೆ ತೋರ್ತು ಹಾಕಿ, ಸಾರಿನ ಬಕೆಟ್ ಹಿಡಿದು ಪಂಕ್ತಿಯ ಈ ತುದಿಯಿಂದ ಆ ತುದಿಗೆ ಹೋದನೆಂದರೆ ಐನೂರು ಎಲೆ ಆದರೂ ಕೈ ನಡುಗುವುದಿಲ್ಲ. ಬಾಯಿಂದ ಬರುವುದು "ಸಾರು, ಸಾರು" ಒಂದೇ. ಪ್ರಶ್ನಾವಳಿಯ ಪ್ರಕಾರ ಅವನು ಭಾರೀ ಜನಪ್ರಿಯ ಮನುಷ್ಯ ಆಗಬೇಕಿತ್ತು. ಜನರ ನಡುವೆ ಇದ್ದೂ ಒಂದು ಮಾತೂ ಆಡದೆ ಇರಲು ಬಡಿಸುವುದಕ್ಕಿಂತ ಒಳ್ಳೆಯ ಉಪಾಯ ಬೇರೆ ಇಲ್ಲ. ನಮ್ಮಲ್ಲಿ ಮದುವೆಗೆ ಹೋಗುವುದು ಇಷ್ಟದ ಪ್ರಶ್ನೆಯೇ ಅಲ್ಲ, ಹೋಗದಿದ್ದರೆ ಕೇಳುತ್ತಾರೆ. ಅಮೆರಿಕದ ಕಾಲೇಜು ಹುಡುಗ ಶನಿವಾರ ರಾತ್ರಿ ಪಾರ್ಟಿಗೆ ಹೋಗುವುದು ಅವನಿಷ್ಟ. ಎರಡನ್ನೂ ಒಂದೇ ಹೋಲಿಕೆಯ ಕೋಷ್ಟಕದಲ್ಲಿ ಅಳೆದರೆ ಬರುವ ಅಂಕಕ್ಕೆ ಅರ್ಥ ಏನು?

ಇನ್ನು ಭಾಷೆ. ಕಾಸರಗೋಡಿನಲ್ಲಿ ಭಾಷೆಯ ವಿಷಯ ಎತ್ತಿದರೆ ನಾವು ಕೇರಳಕ್ಕೆ ಸೇರಿದ 1956ರ ನವೆಂಬರ್ 1ಕ್ಕೆ ಹೋಗಿ ನಿಲ್ಲುತ್ತೇವೆ. ಇವತ್ತು ಅಷ್ಟು ದೂರ ಹೋಗುವುದಿಲ್ಲ. ಒಂದು ಮಗುವನ್ನು ಮಾತ್ರ ನೋಡೋಣ. ಮನೆಯಲ್ಲಿ ತುಳು. ಹತ್ತರವರೆಗೆ ಕನ್ನಡ ಮೀಡಿಯಂ. ಪ್ಲಸ್ ಟು ಇಂಗ್ಲಿಷಿನಲ್ಲಿ. ಬಸ್ಸಿನಲ್ಲಿ, ಪಂಚಾಯತಿನಲ್ಲಿ, ಆಸ್ಪತ್ರೆಯಲ್ಲಿ ಮಲಯಾಳ. ಈ ಮಗುವಿಗೆ ಒಂದು ಕಡೆ ವೃತ್ತಿ ಮಾರ್ಗದರ್ಶನ ಎಂದು ಇಂಗ್ಲಿಷಿನ ಪ್ರಶ್ನಾವಳಿ ಕೊಟ್ಟರು. ಅರ್ಥ ಆಗದ್ದನ್ನು ಕೊಟ್ಟವರು ಮಲಯಾಳದಲ್ಲಿ ವಿವರಿಸಿದರು. ಮಗು ತುಳುವಿನಲ್ಲಿ ಯೋಚಿಸಿತು. ಆಮೇಲೆ ಆ ಹಾಳೆ ನನ್ನ ಕೈಗೆ ಬಂತು. ಐದು ಮನೆಗಳಿದ್ದವು, ಪೂರ್ತಿ ಒಪ್ಪುತ್ತೇನೆ ಎನ್ನುವಲ್ಲಿಂದ ಖಂಡಿತ ಒಪ್ಪುವುದಿಲ್ಲ ಎನ್ನುವವರೆಗೆ. ಮೊದಲ ಪುಟದಲ್ಲಿ ಗುರುತುಗಳು ಆ ಕಡೆ ಈ ಕಡೆ ಇದ್ದವು. ಎರಡನೇ ಪುಟದಿಂದ ನಡುವಿನ ಮನೆಯಲ್ಲಿ ಮೇಲಿಂದ ಕೆಳಕ್ಕೆ ನೇರ ಸಾಲು, ನೇಜಿ ನೆಟ್ಟ ಹಾಗೆ. ವರದಿಯಲ್ಲಿ ಏನು ಬರೆದಿದ್ದರು ಗೊತ್ತಾ? ನಿರ್ಧಾರ ತೆಗೆದುಕೊಳ್ಳುವ ಶಕ್ತಿ ಕಡಿಮೆ. ಆ ಹುಡುಗಿ ಬಹಳ ಒಳ್ಳೆಯ ನಿರ್ಧಾರವನ್ನೇ ತೆಗೆದುಕೊಂಡಿದ್ದಳು. ಅರ್ಥವಾಗದ ಪ್ರಶ್ನೆಗೆ ಯಾವ ಕಡೆಗೂ ವಾಲದ ಉತ್ತರ ಕೊಡುವುದು.

ಕನ್ನಡಕ್ಕೆ ತರ್ಜುಮೆ ಮಾಡಿಬಿಟ್ಟರೆ ಮುಗಿಯಿತಾ? ಇಲ್ಲ. ನನಗೆ ಬೇಗ ಸಿಟ್ಟು ಬರುವುದಿಲ್ಲ ಎಂದು ಬರೆದು ಪಕ್ಕದಲ್ಲಿ ಹೌದು, ಇಲ್ಲ ಇಟ್ಟರೆ, ಸಿಟ್ಟು ಬಾರದವರಲ್ಲಿ ಅರ್ಧ ಜನ ಹೌದು ಎಂದು ಗುರುತು ಹಾಕುತ್ತಾರೆ, ಉಳಿದರ್ಧ ಇಲ್ಲ ಎಂದು. ಇಬ್ಬರೂ ಹೇಳಿದ್ದು ಒಂದೇ. ಅಂಕ ಮಾತ್ರ ತಿರುಗಾಮುರುಗಾ. ಅದಕ್ಕೇ ತರ್ಜುಮೆ ಮಾಡಿದ್ದನ್ನು ಮತ್ತೊಬ್ಬರಿಂದ ಮೂಲ ಭಾಷೆಗೆ ತಿರುಗಿ ಮಾಡಿಸಿ ಹೋಲಿಸಬೇಕು, ಆಮೇಲೆ ನಮ್ಮ ಜನರ ದೊಡ್ಡ ಗುಂಪಿಗೆ ಕೊಟ್ಟು ಹೊಸ ಕೋಷ್ಟಕ ಕಟ್ಟಬೇಕು. ಇದು ಆಗದ ಕೆಲಸ ಏನಲ್ಲ. ಬುದ್ಧಿ ಪರೀಕ್ಷೆಯಲ್ಲಿ 1930ರ ದಶಕದಲ್ಲೇ ವಿ.ವಿ. ಕಾಮತ್ ಮಾಡಿ ತೋರಿಸಿದ್ದಾರೆ. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಬಿನೆ ಪರೀಕ್ಷೆಯನ್ನು ಅವರು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು, ಧಾರವಾಡದ ಮಕ್ಕಳಿಗೆ ಕೊಟ್ಟು ನೋಡಿ. ಬಿನೆ ಕಾಮತ್ ಎಂಬ ಹೆಸರು ನಿಮ್ಮಲ್ಲಿ ಕೆಲವರು ಅಂಗವಿಕಲತೆಯ ಸರ್ಟಿಫಿಕೇಟಿನಲ್ಲಿ ನೋಡಿರಬಹುದು. ವ್ಯಕ್ತಿತ್ವದ ಪರೀಕ್ಷೆಗಳಿಗೆ ಅಷ್ಟು ಬೆವರು ಸುರಿಸಿದವರು ಕಡಿಮೆ.

ಹಾಗಾದರೆ ಭಾಷೆಯೇ ಇಲ್ಲದ ಪರೀಕ್ಷೆ ಇದೆಯಲ್ಲ, ಆ ಮಸಿ ಚಿತ್ರದ್ದು, ಎಂದು ಯಾರೋ ಮುಂದಿನ ಸಾಲಿನಲ್ಲಿ ಹೇಳಿದರು. ಸಿನಿಮಾದ ಪುಣ್ಯದಿಂದ ಅದು ಎಲ್ಲರಿಗೂ ಗೊತ್ತು. ಮಾಡಿದವರು ಹರ್ಮನ್ ರೋರ್‌ಶಾಕ್, ಸ್ವಿಟ್ಜರ್ಲೆಂಡಿನ ಮನೋವೈದ್ಯ. ಕಾಗದಕ್ಕೆ ಮಸಿ ಚೆಲ್ಲಿ ಮಡಚಿ ಚಿತ್ರ ಮಾಡುವ ಆಟ ಅವರಿಗೆ ಸಣ್ಣಂದಿನಿಂದ ಇಷ್ಟ, ಶಾಲೆಯಲ್ಲಿ ಅವರ ಅಡ್ಡಹೆಸರೇ ಮಸಿಕಲೆ. ಹತ್ತು ಕಾರ್ಡುಗಳು. ಐದು ಕಪ್ಪು, ಎರಡರಲ್ಲಿ ಕಪ್ಪಿನ ಜೊತೆ ಕೆಂಪು, ಮೂರು ಬಣ್ಣದವು. ಪುಸ್ತಕ ಬಂದದ್ದು 1921ರಲ್ಲಿ. ಮರುವರ್ಷವೇ ಅಪೆಂಡಿಕ್ಸ್ ತೊಂದರೆಯಿಂದ 37ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮುಂದೆ ಜಗತ್ತಿನಲ್ಲೆಲ್ಲ ಅದನ್ನು ಹೇಗೆ ಹೇಗೆ ಬಳಸಿದರು ಎಂದು ನೋಡಲು ಅವರು ಇರಲಿಲ್ಲ.

ಬಾವಲಿ ಕಂಡರೆ ಹೀಗೆ, ಚಿಟ್ಟೆ ಕಂಡರೆ ಹಾಗೆ ಎಂಬ ಲೆಕ್ಕ ಅಲ್ಲ ಅದು. ಚಿತ್ರದ ಯಾವ ಭಾಗ ನೋಡಿ ಹೇಳಿದಿರಿ, ಆಕಾರದಿಂದಲೋ ಬಣ್ಣದಿಂದಲೋ, ಕಂಡದ್ದು ಚಲಿಸುತ್ತಿತ್ತೋ ನಿಂತಿತ್ತೋ, ಬೇರೆಯವರಿಗೂ ಅಲ್ಲಿ ಅದು ಕಾಣುತ್ತದೋ, ಹೀಗೆ ಗುರುತು ಹಾಕುತ್ತಾ ಹೋಗಬೇಕು. ಒಬ್ಬೊಬ್ಬರು ಒಂದೊಂದು ರೀತಿ ಅರ್ಥ ಹೇಳುವುದೇ ಇದರ ದೊಡ್ಡ ರೋಗ. ಎರಡನೇ ಮಹಾಯುದ್ಧ ಮುಗಿದಾಗ ನ್ಯೂರೆಂಬರ್ಗ್ ಜೈಲಿನಲ್ಲಿದ್ದ ನಾಜಿ ನಾಯಕರಿಗೆ ಡಗ್ಲಾಸ್ ಕೆಲಿ, ಗುಸ್ತಾವ್ ಗಿಲ್ಬರ್ಟ್ ಎಂಬ ಇಬ್ಬರು ಈ ಕಾರ್ಡು ತೋರಿಸಿದರು. ಒಬ್ಬರಿಗೆ ಅವರು ನಮ್ಮ ನಿಮ್ಮಂಥ ಸಾಮಾನ್ಯರ ಹಾಗೆ ಕಂಡರು, ಇನ್ನೊಬ್ಬರಿಗೆ ರೋಗಿಷ್ಠ ಮನಸ್ಸಿನವರಾಗಿ. ಮಸಿ ಅದೇ, ಕೈದಿಗಳು ಅವರೇ. 1974ರಲ್ಲಿ ಜಾನ್ ಎಕ್ಸ್‌ನರ್ ಲೆಕ್ಕ ಹಾಕುವುದಕ್ಕೆ ಒಂದು ಶಿಸ್ತು ತಂದರು. ಆದರೂ ಅದು ಆರೋಗ್ಯವಂತರನ್ನೂ ರೋಗಿಗಳಂತೆ ತೋರಿಸುತ್ತದೆ ಎಂಬ ದೂರು ಆಮೇಲೂ ಬಂತು. ನನ್ನ ಅಭಿಪ್ರಾಯ ಕೇಳಿದರೆ, ಯೋಚನೆಯ ಎಳೆ ತಪ್ಪಿದೆಯಾ ಎಂದು ನೋಡಲು ಆಸ್ಪತ್ರೆಯಲ್ಲಿ ಸ್ವಲ್ಪ ಉಪಯೋಗ ಇದೆ. ಕೆಲಸಕ್ಕೆ ಆರಿಸಲು, ಕೋರ್ಸ್ ಆರಿಸಲು ಸುತರಾಂ ಬೇಡ.

ಕಥೆ ಬರೆಸುವ ಪರೀಕ್ಷೆಯ ಕಥೆ ಬೇರೆ. ಹಾರ್ವರ್ಡಿನ ಹೆನ್ರಿ ಮರ್ರೆ, ಕ್ರಿಸ್ಟಿಯಾನಾ ಮಾರ್ಗನ್ 1935ರಲ್ಲಿ ಶುರು ಮಾಡಿದ್ದು, ಹೆಸರು ಟಿಎಟಿ. ಅದರ ಮೊದಲ ಚಿತ್ರದಲ್ಲಿ ಒಬ್ಬ ಹುಡುಗ ಮೇಜಿನ ಮೇಲಿನ ಪಿಟೀಲು ನೋಡುತ್ತಾ ಕೂತಿದ್ದಾನೆ. ಏನಾಗಿದೆ, ಮುಂದೇನಾಗುತ್ತದೆ ಎಂದು ಕಥೆ ಹೇಳಬೇಕು. ನಮ್ಮ ಕಡೆಯ ಮಕ್ಕಳು ಥಟ್ಟನೆ ಹೇಳುವುದು ಒಂದೇ: ಸಂಗೀತ ಕ್ಲಾಸಿಗೆ ಹೋಗಲು ಮನಸ್ಸಿಲ್ಲ, ಅಮ್ಮ ಬಯ್ಯುತ್ತಾರೆ. ಇದರಲ್ಲಿ ಹುಡುಗನ ಮನಸ್ಸು ಎಷ್ಟು, ಊರಿನ ವಾಡಿಕೆ ಎಷ್ಟು ಎಂದು ಬೇರ್ಪಡಿಸಲು ಓದುವವರಿಗೆ ಊರು ಗೊತ್ತಿರಬೇಕು. ಉಮಾ ಚೌಧರಿ ನಮ್ಮ ದೇಶದ ಮುಖ, ಉಡುಪು ಇಟ್ಟು ಚಿತ್ರಗಳನ್ನು ಹೊಸದಾಗಿ ಮಾಡಿಸಿದ್ದು ಇದೇ ಕಾರಣಕ್ಕೆ.

ಎಸ್ಎಸ್‌ಬಿಯವರು ಇದನ್ನೇ ತಮ್ಮ ರೀತಿಯಲ್ಲಿ ಬಳಸುತ್ತಾರೆ. ಏಳಿಮಲೆಯ ನೌಕಾ ಅಕಾಡೆಮಿ ನಮಗೆ ಇಷ್ಟು ಹತ್ತಿರ, ಪಯ್ಯನ್ನೂರು ದಾಟುವಾಗೆಲ್ಲ ಮಕ್ಕಳು ಅದರ ಮಾತೆತ್ತುತ್ತಾರೆ. ಹಾಗಾಗಿ ಕೇಳಿಸಿಕೊಳ್ಳಿ. ಚಿತ್ರ 30 ಸೆಕೆಂಡು ಕಾಣುತ್ತದೆ, ಕಥೆ ಬರೆಯಲು 4 ನಿಮಿಷ, ಹೀಗೆ ಹನ್ನೆರಡು. ಕೊನೆಯದು ಖಾಲಿ ಪರದೆ, ನಿಮ್ಮದೇ ಕಥೆ. ಆಮೇಲೆ 60 ಶಬ್ದ, ಒಂದೊಂದಕ್ಕೆ 15 ಸೆಕೆಂಡು, ಮನಸ್ಸಿಗೆ ಬಂದದ್ದು ಬರೆಯಬೇಕು. ಆಮೇಲೆ 60 ಸಂದರ್ಭ, ಅರ್ಧ ಗಂಟೆ. ವೇಗ ಯಾಕೆ ಎಂದರೆ ನಾಟಕ ಮಾಡಲು ಪುರಸೊತ್ತು ಸಿಗಬಾರದು. ಈ ಪದ್ಧತಿಯಲ್ಲಿ ನನಗೆ ಹಿಡಿಸಿದ್ದು ಬೇರೆ ಒಂದು ಅಂಶ. ಕಾಗದ ನೋಡುವ ಮನಶ್ಶಾಸ್ತ್ರಜ್ಞ ಬೇರೆ, ಮೈದಾನದಲ್ಲಿ ಗುಂಪಿನ ಕೆಲಸ ಮಾಡಿಸಿ ನೋಡುವವರು ಬೇರೆ, ಎದುರು ಕೂರಿಸಿ ಮಾತಾಡಿಸುವವರು ಬೇರೆ. ಮನಸಾ, ವಾಚಾ, ಕರ್ಮಣಾ ಎಂದು ಅವರೇ ಹೇಳಿಕೊಳ್ಳುತ್ತಾರೆ. ಮೂರೂ ಜನ ಬೇರೆ ಬೇರೆ ನೋಡಿ ಕೊನೆಗೆ ಕೂಡಿ ಮಾತಾಡುತ್ತಾರೆ. ಕಂಪನಿಯ ಒಂದು ಆನ್‌ಲೈನ್ ಹಾಳೆಯನ್ನು ಇದರ ಪಕ್ಕ ಇಟ್ಟು ನೋಡಿ.

ಇಲ್ಲಿಗೆ ಬಂದಾಗ ನಾನು ಸಭೆಯಲ್ಲಿ ಒಂದು ಆಟ ಆಡಿದೆ. ಎಲ್ಲರಿಗೂ ಮಡಚಿದ ಚೀಟಿ ಹಂಚಿಸಿದೆ. ಬಾಗಿಲಲ್ಲಿ ಹೆಸರು ಬರೆಯುವಾಗ ನಿಮ್ಮ ಕೈಬರಹ ನೋಡಿ ಬರೆದದ್ದು ಎಂದೆ. ಅದರಲ್ಲಿ ಇದ್ದದ್ದು: ನೀವು ಹೊರಗೆ ಗಟ್ಟಿ ಕಂಡರೂ ಒಳಗೊಳಗೆ ಅಳುಕು ಇದೆ. ನಿಮ್ಮ ಒಳ್ಳೆಯತನವನ್ನು ಕೆಲವರು ದುರುಪಯೋಗ ಮಾಡಿಕೊಂಡಿದ್ದಾರೆ. ನಿಮ್ಮಲ್ಲಿ ಇರುವ ಸಾಮರ್ಥ್ಯಕ್ಕೆ ತಕ್ಕ ಅವಕಾಶ ಇನ್ನೂ ಸಿಕ್ಕಿಲ್ಲ. ಹೊಂದುತ್ತದೆ ಎನ್ನುವವರು ಕೈ ಎತ್ತಿ ಎಂದಾಗ ಹೆಚ್ಚು ಕಡಿಮೆ ಇಡೀ ಸಭೆಯ ಕೈ ಮೇಲೆ. ಈಗ ಪಕ್ಕದವರ ಚೀಟಿ ಓದಿ ಎಂದೆ. ಆಮೇಲಿನ ನಗು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. ಎಲ್ಲರದೂ ಒಂದೇ.

ಉಪಾಯ ನನ್ನದಲ್ಲ. 1948ರಲ್ಲಿ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳ ಮೇಲೆ ಇದನ್ನು ಮಾಡಿದರು. ಎಲ್ಲರಿಗೂ ಪರೀಕ್ಷೆ ಕೊಟ್ಟು, ಕೆಲವು ದಿನ ಬಿಟ್ಟು ಎಲ್ಲರಿಗೂ ಒಂದೇ ವರದಿ ಕೊಟ್ಟರು. ಎಷ್ಟು ನಿಖರ ಎಂದು ಐದರಲ್ಲಿ ಅಂಕ ಹಾಕಿ ಎಂದರು. ಸರಾಸರಿ 4.26. ಆ ವಾಕ್ಯಗಳಲ್ಲಿ ಹೆಚ್ಚಿನವು ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ ಬಂದವು! ಹೊಗಳಿಕೆ ಇದ್ದು, ಯಾರಿಗೂ ಒಪ್ಪುವಂತೆ ಇದ್ದು, ನಿಮಗಾಗಿಯೇ ಬರೆದದ್ದು ಎಂದರೆ ನಾವು ನಂಬಿಬಿಡುತ್ತೇವೆ. ವರದಿ ಓದಿ ಅಯ್ಯೋ ನನ್ನ ಬಗ್ಗೆ ಸರಿಯಾಗಿ ಹೇಳಿದ್ದಾರೆ ಎಂದು ಅನ್ನಿಸುವುದು ಪರೀಕ್ಷೆ ಸರಿ ಇದೆ ಎಂಬುದಕ್ಕೆ ಸಾಕ್ಷಿಯೇ ಅಲ್ಲ. ಇದನ್ನು ಮಾತ್ರ ದಯವಿಟ್ಟು ಮರೆಯಬೇಡಿ.

ಕಂಪನಿಗಳಲ್ಲಿ ಓಡುವ, ನಾಲ್ಕು ಅಕ್ಷರದ ಎಂಬಿಟಿಐ ಇಷ್ಟು ಜನಪ್ರಿಯ ಆಗಿರುವುದಕ್ಕೂ ಇದೇ ಒಂದು ಕಾರಣ. ಕಾರ್ಲ್ ಯೂಂಗ್ 1921ರಲ್ಲಿ ಬರೆದ ಪುಸ್ತಕ ಓದಿ ಕ್ಯಾಥರೀನ್ ಬ್ರಿಗ್ಸ್, ಮಗಳು ಇಸಾಬೆಲ್ ಮೈಯರ್ಸ್ ಕಟ್ಟಿದ್ದು. ಇಬ್ಬರೂ ಮನಶ್ಶಾಸ್ತ್ರ ಕಲಿತವರಲ್ಲ. ಮನುಷ್ಯರನ್ನು 16 ಬಗೆ ಮಾಡುತ್ತದೆ. ಯಾವ ಬಗೆಗೂ ಕೆಟ್ಟ ಮಾತಿಲ್ಲ, ಎಲ್ಲರಿಗೂ ಖುಷಿ. ತೊಂದರೆ ಏನೆಂದರೆ ಹೆಚ್ಚಿನ ಜನರ ಅಂಕ ನಡುವಿನಲ್ಲೇ ಇರುತ್ತದೆ. ನಡುವೆ ಗೆರೆ ಎಳೆದು ಈಚೆ ಅಂತರ್ಮುಖಿ, ಆಚೆ ಬಹಿರ್ಮುಖಿ ಎಂದರೆ ಒಂದೆರಡು ಉತ್ತರ ಬದಲಾದರೆ ಮನುಷ್ಯನೇ ಬದಲಾದ ಹಾಗೆ. ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಬೇರೆ ಅಕ್ಷರ ಬರುವವರು ಬೇಕಾದಷ್ಟು. ಅದನ್ನು ಮಾರುವವರೇ ಕೆಲಸಕ್ಕೆ ಆರಿಸಲು ಇದನ್ನು ಬಳಸಬಾರದು ಎನ್ನುತ್ತಾರೆ. ಬಳಸುವವರು ಕೇಳಬೇಕಲ್ಲ.

ಇವತ್ತು ಸಂಶೋಧಕರು ಹೆಚ್ಚು ನೆಚ್ಚಿಕೊಂಡಿರುವುದು ಐದು ಗುಣಗಳ ಲೆಕ್ಕ. ಹೊಸದಕ್ಕೆ ತೆರೆದುಕೊಳ್ಳುವುದು, ಅಚ್ಚುಕಟ್ಟು, ಜನರೊಂದಿಗೆ ಬೆರೆಯುವುದು, ಹೊಂದಿಕೊಂಡು ಹೋಗುವುದು, ಮನಸ್ಸು ಬೇಗ ಕಲಕುವುದು. ಬಗೆ ಮಾಡುವುದಿಲ್ಲ, ಪ್ರತಿಯೊಂದೂ ಎಷ್ಟೆಷ್ಟು ಇದೆ ಎಂದು ನೋಡುತ್ತದೆ. ಕೆಲಸದಲ್ಲಿ ಅಚ್ಚುಕಟ್ಟು ಇರುವವರು ಸ್ವಲ್ಪ ಮಟ್ಟಿಗೆ ಹೆಚ್ಚು ಚೆನ್ನಾಗಿ ಮಾಡುತ್ತಾರೆ ಎಂದು 1991ರಲ್ಲಿ ಬ್ಯಾರಿಕ್ ಮತ್ತು ಮೌಂಟ್ ಹಲವು ಅಧ್ಯಯನ ಕೂಡಿಸಿ ತೋರಿಸಿದರು. ಸ್ವಲ್ಪ ಮಟ್ಟಿಗೆ ಅಂದರೆ ಸ್ವಲ್ಪವೇ. ಆದರೆ ಈ ಐದು ಗುಣ ಬಂದ ದಾರಿ ನೋಡಿ. 1936ರಲ್ಲಿ ಆಲ್‌ಪೋರ್ಟ್, ಒಡ್‌ಬರ್ಟ್ ಇಂಗ್ಲಿಷ್ ನಿಘಂಟಿನಿಂದ ಮನುಷ್ಯರನ್ನು ಬಣ್ಣಿಸುವ ಸುಮಾರು 18,000 ಶಬ್ದ ಹೆಕ್ಕಿದರು. ಅದನ್ನು ಸೋಸುತ್ತಾ ಸೋಸುತ್ತಾ ಮುಂದಿನವರು ಐದಕ್ಕೆ ಬಂದರು. ಬೊಲಿವಿಯಾದ ಕಾಡಂಚಿನಲ್ಲಿ ಬೇಸಾಯ, ಬೇಟೆ ಮಾಡಿಕೊಂಡಿರುವ ಚಿಮಾನೆ ಜನರಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಈ ಐದು ಸರಿಯಾಗಿ ಸಿಗಲೇ ಇಲ್ಲ. ಒಳ್ಳೆಯ ಪರೀಕ್ಷೆಯೂ ತಾನು ಹುಟ್ಟಿದ ಊರನ್ನು ಹೊತ್ತುಕೊಂಡೇ ಬರುತ್ತದೆ.

ನನ್ನ ಮಾತು ಇಷ್ಟು. ಮುಂದೆ ಸಭೆಯಲ್ಲಿ ಕೇಳಿದ ಪ್ರಶ್ನೆಗಳು.

ಒಬ್ಬ ತಂದೆ: ಬೆರಳಚ್ಚು ಪರೀಕ್ಷೆಗೆ ನಾವು ಸಾವಿರಾರು ರೂಪಾಯಿ ಕೊಟ್ಟಿದ್ದೇವೆ. ಎರಡು ಸಲ ಮಾಡಿಸಿದರೂ ಒಂದೇ ಉತ್ತರ ಬಂತು. ಮತ್ತೆ ಸುಳ್ಳು ಹೇಗೆ ಆಗುತ್ತದೆ?

ಬೆರಳಿನ ಗೆರೆ ಬದಲಾಗುವುದಿಲ್ಲ, ಹಾಗಾಗಿ ಉತ್ತರವೂ ಬದಲಾಗುವುದಿಲ್ಲ. ಅಡಿಕೆಯನ್ನು ಎಷ್ಟು ಸಲ ತಕ್ಕಡಿಗೆ ಹಾಕಿದರೂ ಅದೇ ತೂಕ ಬರುತ್ತದೆ, ಆದರೆ ಅದು ಹಳತೋ ಹೊಸತೋ, ಪಟೋರವೋ ಕರಿಗೋಟೋ ಎಂದು ತಕ್ಕಡಿ ಹೇಳುತ್ತದಾ? ಅದಕ್ಕೆ ಕತ್ತರಿಸಿ ನೋಡಬೇಕು. ಗೆರೆಗೂ ಸ್ವಭಾವಕ್ಕೂ, ಗೆರೆಗೂ ಎಂಜಿನಿಯರಿಂಗಿಗೂ ಸಂಬಂಧ ಇದೆ ಎಂದು ಯಾರೂ ತೋರಿಸಿಲ್ಲ. ಹೋದ ದುಡ್ಡು ಹೋಯಿತು. ಆ ಪುಸ್ತಕ ಮಗುವಿಗೆ ಕಾಣದ ಕಡೆ ಇಡಿ.

ಒಬ್ಬ ವಿದ್ಯಾರ್ಥಿ: ಎಸ್ಎಸ್‌ಬಿ ಕೋಚಿಂಗಿನಲ್ಲಿ ಕಥೆಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಪ್ರಯೋಜನ ಇದೆಯಾ ಸರ್?

ಸಮಯದೊಳಗೆ ಬರೆದು ಅಭ್ಯಾಸ ಆಗುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದು. ಆದರೆ ಎಲ್ಲ ಚಿತ್ರದಲ್ಲೂ ನಾಯಕ ಊರಿಗೆ ರಕ್ತದಾನ ಶಿಬಿರ ಮಾಡಿಸುವುದು, ಕಳ್ಳನನ್ನು ಹಿಡಿಯುವುದು ಬಂದರೆ ಓದುವವರಿಗೆ ಗೊತ್ತಾಗುತ್ತದೆ. ಅವರು ದಿನಾ ಅದನ್ನೇ ಓದುವವರು. ಮೇಲಾಗಿ ಕಾಗದದಲ್ಲಿ ಧೀರ, ಮೈದಾನದಲ್ಲಿ ಹಿಂದೆ ನಿಲ್ಲುವವನಾದರೆ ಕೊನೆಯ ದಿನ ಮೂವರೂ ಕೂತಾಗ ತಾಳೆ ಆಗುವುದಿಲ್ಲ.

ಒಬ್ಬ ತಾಯಿ: ಮಗಳ ವರದಿಯಲ್ಲಿ ಬೆರೆಯುವ ಗುಣಕ್ಕೆ 30 ಬಂದಿದೆ. ಫೇಲ್ ಅಲ್ವಾ ಅದು?

ಅಲ್ಲ ಅಕ್ಕಾ. ಅದು ಪರ್ಸೆಂಟೈಲ್, ಅಂಕ ಅಲ್ಲ. ಹೋಲಿಸಿದ ಗುಂಪಿನ ನೂರು ಜನರಲ್ಲಿ 30 ಜನ ಅವಳಿಗಿಂತ ಕಡಿಮೆ ಬೆರೆಯುತ್ತಾರೆ ಎಂದು ಅರ್ಥ. ಅದು ಕಾಯಿಲೆಯಲ್ಲ, ಕೊರತೆಯೂ ಅಲ್ಲ. ಯಾವ ನೂರು ಜನ ಎಂದು ವರದಿಯಲ್ಲಿ ಬರೆದಿದೆಯಾ ನೋಡಿ. ಬರೆದಿಲ್ಲ ಎಂದರೆ ಕೊಟ್ಟವರನ್ನೇ ಕೇಳಿ: ಪರೀಕ್ಷೆಯ ಹೆಸರೇನು, ಯಾರ ಜೊತೆ ಹೋಲಿಸಿದಿರಿ, ನನ್ನ ಮಗಳು ಯಾವ ಭಾಷೆಯಲ್ಲಿ ಬರೆದಳು. ಸರಿಯಾಗಿ ಕಲಿತವರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಒಬ್ಬ ಅಧ್ಯಾಪಕಿ: ಸರಿಯಾಗಿ ಕಲಿತವರು ಎಂದು ನಮಗೆ ಗೊತ್ತಾಗುವುದು ಹೇಗೆ? ಕನ್ನಡದಲ್ಲಿ ಮಾತಾಡುವವರು ಎಲ್ಲಿ ಸಿಗುತ್ತಾರೆ?

ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಿದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐಯ ನೋಂದಣಿ ಇರಬೇಕು. ನಂಬರ್ ಕೇಳಬಹುದು ಟೀಚರ್, ನಾಚಿಕೆ ಬೇಡ. ಕನ್ನಡ, ತುಳು ಎರಡೂ ಬರುವವರು ಮಂಗಳೂರಿನ ಕಡೆಯ ಆಸ್ಪತ್ರೆಗಳಲ್ಲಿ ಸುಲಭಕ್ಕೆ ಸಿಗುತ್ತಾರೆ. ಮಕ್ಕಳಿಗೆ ಯಾವ ಭಾಷೆ ಚೆನ್ನಾಗಿ ಬರುತ್ತದೆ ಎಂದು ಹೋಗುವ ಮೊದಲೇ ಫೋನಿನಲ್ಲಿ ಹೇಳಿ.

ಕೊನೆಗೆ, ಹಿಂದಿನ ಸಾಲಿನಿಂದ ಒಬ್ಬರು: ನಮ್ಮ ಹುಡುಗ ಸ್ವಲ್ಪ ಸಮಯದಿಂದ ರೂಮು ಬಿಟ್ಟು ಬರುವುದಿಲ್ಲ. ಪರೀಕ್ಷೆ ಗಿರೀಕ್ಷೆ ಬೇಡ, ಯಾರಾದರೂ ಮಾತಾಡಿದರೆ ಸಾಕು ಎನ್ನುತ್ತಾನೆ.

ಹಾಗಾದರೆ ಪರೀಕ್ಷೆ ಬೇಡ. ಅವನೇ ದಾರಿ ಹೇಳಿದ್ದಾನೆ. ಸರ್ಕಾರದ ಟೆಲಿ ಮಾನಸ್ ಇದೆ, ನಂಬರ್ 14416, ದುಡ್ಡಿಲ್ಲ, ಹಗಲು ರಾತ್ರಿ ತೆಗೆಯುತ್ತಾರೆ, ಕನ್ನಡವನ್ನೂ ಆರಿಸಿಕೊಳ್ಳಬಹುದು. ಊಟ ನಿದ್ದೆ ಬಿಟ್ಟಿದ್ದರೆ ಅಷ್ಟಕ್ಕೇ ನಿಲ್ಲಿಸಬೇಡಿ, ಮನೋವೈದ್ಯರಿಗೆ ತೋರಿಸಿ. ಸಭೆ ಮುಗಿದ ಮೇಲೆ ನನ್ನ ಹತ್ತಿರ ಬನ್ನಿ, ಯಾರಿಗೆ ತೋರಿಸಬಹುದು ಎಂದು ಕೂತು ಮಾತಾಡೋಣ.